ಕಲಬುರಗಿಯಿಂದ ಜರ್ಮನಿಗೆ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸೇಡಂ ತಾಲೂಕಿನ ಹಳ್ಳಿಯವಳು. ಹತ್ತು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇದ್ದೇನೆ. ವರ್ಷಕ್ಕೊಮ್ಮೆ ಊರಿಗೆ ಬರುತ್ತೇನೆ. ಬಂದಾಗ ಮದುವೆ ಮನೆಯಲ್ಲಿ, ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಸೀರೆ ನೋಡುವಾಗ, ಬಸ್ಸಿನಲ್ಲಿ, ಎಲ್ಲ ಕಡೆ ಇವೇ ಪ್ರಶ್ನೆಗಳು. ಬೀದರ್, ಯಾದಗಿರಿಯಿಂದಲೂ ಫೋನ್ ಹಚ್ಚಿ ಕೇಳುತ್ತಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಬರೆದಿದ್ದೇನೆ. ನಾನು ಬಲ್ಲದ್ದು ಜರ್ಮನಿ ಒಂದೇ. ಹಾಗಾಗಿ ಉತ್ತರವೂ ಅಲ್ಲಿಯದೇ.

## ಹೊರಡುವ ಮುಂಚೆ

ಅಕ್ಕಾರ, ಮಗನ್ನ ಓದಲಿಕ್ಕೆ ಕಳಿಸಬೇಕಂತ ಮಾಡೀನಿ. ಖರೇ ಹೇಳ್ರಿ, ಎಷ್ಟು ರೊಕ್ಕ ಬೇಕು?

ಫೀಸಿನ ಲೆಕ್ಕ ಬೇರೆ, ಊಟ-ಬಾಡಿಗೆಯ ಲೆಕ್ಕ ಬೇರೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಕಲಿಸುವುದಕ್ಕೆ ಫೀಸ್ ಇಲ್ಲ. ಆರು ತಿಂಗಳಿಗೊಮ್ಮೆ ಒಂದು ಸಣ್ಣ ಮೊತ್ತ ಕಟ್ಟಿದರೆ ಆಯಿತು. ಆದರೆ ಸ್ಟುಟ್‌ಗಾರ್ಟ್ ಇರುವ ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥವರು ಪ್ರತಿ ಸೆಮಿಸ್ಟರಿಗೆ 1,500 ಯೂರೋ ಕೊಡಬೇಕು. ಖಾಸಗಿ ಕಾಲೇಜುಗಳ ಫೀಸ್ ಇದಕ್ಕಿಂತ ಎಷ್ಟೋ ಜಾಸ್ತಿ. ಏಜೆಂಟರು ಮೊದಲು ತೋರಿಸುವುದು ಅವನ್ನೇ, ನೋಡಿಕೊಳ್ಳಿ.

ಇರುವ ಖರ್ಚಿಗೆ ಒಂದು ವರ್ಷದ ದುಡ್ಡನ್ನು ವೀಸಾ ಕೇಳುವಾಗಲೇ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ. ಅದನ್ನು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ಒಮ್ಮೆಲೇ ಪೂರ್ತಿ ತೆಗೆಯಲು ಆಗದ ಖಾತೆಯಲ್ಲಿ ಇಟ್ಟರೆ ತಿಂಗಳಿಗೆ 992 ಯೂರೋದಂತೆ ಹುಡುಗನ ಕೈಗೆ ಬರುತ್ತದೆ. ಯೂರೋಗೆ ನೂರು ರೂಪಾಯಿ ಹಿಡಿದರೂ ಹತ್ತಿರ ಹತ್ತಿರ 12 ಲಕ್ಷ. ಇದಕ್ಕಾಗಿ ಹೊಲ ಮಾರಬೇಡಿ. ಬ್ಯಾಂಕಿನ ಎಜುಕೇಷನ್ ಲೋನ್ ಕೇಳಿ. ಹುಡುಗ ನಾಳೆ ನೌಕರಿ ಹಿಡಿದು ಸಾಲ ತೀರಿಸಬಹುದು. ಹೋದ ಹೊಲವನ್ನು ಮಾತ್ರ ಅವನು ಅಲ್ಲಿಂದ ಕೊಳ್ಳಲು ಆಗುವುದಿಲ್ಲ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ಪಾರ್ಟ್ ಟೈಮ್ ಕೆಲಸ ಮಾಡಿ ಎಲ್ಲಾ ಖರ್ಚು ತಗೀತಾನ ಅಂತಾರಲ್ರಿ?

ಅಷ್ಟು ನಂಬಬೇಡಿ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಕಾನೂನು ಬಿಡುತ್ತದೆ, ಆದರೆ ಭಾಷೆ ಬರದ ಹುಡುಗನಿಗೆ ಮೊದಲ ಆರು ತಿಂಗಳು ಕೆಲಸ ಕೊಡುವವರು ಕಡಿಮೆ. ಎರಡನೇ ವರ್ಷದಿಂದ ಬಾಡಿಗೆ ಹೊರಟರೆ ದೊಡ್ಡದು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಲು ಬಿಡುತ್ತಾರೆ. ನಿಜವಾಗಿ ಕೈ ಹಿಡಿಯುವುದು ಅದು.

ವೀಸಾಕ್ಕ ಎಲ್ಲಿಗಿ ಹೋಗಬೇಕ್ರಿ? ಹೈದರಾಬಾದ್ ಸಮೀಪ ಆಗ್ತದಲ್ಲ?

ವಿಮಾನಕ್ಕೆ ಹೈದರಾಬಾದ್ ಸಮೀಪ. ವೀಸಾಕ್ಕೆ ಮಾತ್ರ ಕರ್ನಾಟಕದವರು ಬೆಂಗಳೂರಿಗೇ ಹೋಗಬೇಕು. ಉದ್ಯಾನ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ದಿನ ಮುಂಚೆಯೇ ಹೋಗಿ ಉಳಿದುಕೊಳ್ಳಿ. ಅದೇ ದಿನ ಇಳಿದು ಓಡುವ ಧೈರ್ಯ ಬೇಡ, ಗಾಡಿ ತಡವಾದರೆ ವಾರಗಟ್ಟಲೆ ಕಾದು ಸಿಕ್ಕ ಸಮಯ ತಪ್ಪುತ್ತದೆ.

ಓದಲು ಹೋಗುವವರಿಗೆ ಇನ್ನೊಂದು. 2022ರ ನವೆಂಬರ್‌ನಿಂದ ಎಪಿಎಸ್ ಸರ್ಟಿಫಿಕೇಟ್ ಬೇಕು. ನಮ್ಮ ಅಂಕಪಟ್ಟಿಗಳು ಖರೇ ಇವೆಯೋ ಇಲ್ಲವೋ ಅಂತ ನೋಡಿ ಕೊಡುವ ಕಾಗದ ಅದು. ಹತ್ತನೇ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಖಾಲಿ. ನಮ್ಮ ಕಡೆ ಇದು ಮನೆಮನೆಯ ಕಥೆ. ಇದನ್ನೆಲ್ಲ ಊರಲ್ಲಿ ಇರುವಾಗಲೇ ಸರಿ ಮಾಡಿಸಿ. ಅಲ್ಲಿ ಕೂತು ಇಲ್ಲಿನ ಹೆಸರು ತಿದ್ದಿಸುವುದು ಅಂದರೆ ವರ್ಷದ ಕೆಲಸ.

ನನ್ನ ತಂಗಿ ನರ್ಸಿಂಗ್ ಮುಗಿಸ್ಯಾಳ. ಏಜೆಂಟ್ ಮೂರು ಲಕ್ಷ ಕೇಳಾಕತ್ತಾನ. ಕೊಡಬೇಕೇನ್ರಿ?

ಕೊಡಬೇಡಿ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ ಭಾರತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಣಿ ಆಗಿರಬೇಕು. ಅಂಥವನು ತನ್ನ ಸೇವೆಗೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಜರ್ಮನಿಗೆ ನರ್ಸ್‌ಗಳು ಬೇಕಾಗಿದ್ದಾರೆ, ಅದು ನಿಜ. ಆದರೆ ಅಲ್ಲಿ ಪೂರ್ತಿ ನರ್ಸ್ ಅಂತ ಕೆಲಸ ಮಾಡಲು ಎರಡು ಬೇಕು. ನಮ್ಮ ಪದವಿಗೆ ಅಲ್ಲಿನ ಮಾನ್ಯತೆ, ಮತ್ತು ಬಿ1 ಅಥವಾ ಬಿ2, ಅಂದರೆ ನಡುವಿನ ಮಟ್ಟದ ಜರ್ಮನ್ ಭಾಷೆ. ಈ ಎರಡನ್ನೂ ದುಡ್ಡು ಕೊಟ್ಟು ತರಲು ಆಗುವುದಿಲ್ಲ, ಅವಳೇ ಕೂತು ಕಲಿಯಬೇಕು. ಮೂರು ಲಕ್ಷದಲ್ಲಿ ಒಂದು ಭಾಗವನ್ನು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಬೇರೆ ಒಳ್ಳೆಯ ಕಡೆಯೋ ಭಾಷೆಗೆ ಹಾಕಿ. ಮೂಲ ಸರ್ಟಿಫಿಕೇಟನ್ನು ಯಾವ ಏಜೆಂಟನ ಕೈಗೂ ಕೊಡಬೇಡಿ. ಕೊಟ್ಟು ವಾಪಸ್ ಬಿಡಿಸಿಕೊಳ್ಳಲು ಅತ್ತ ಹುಡುಗಿಯರನ್ನು ನಾನು ನೋಡಿದ್ದೇನೆ.

ಬ್ಯಾಗಿನಾಗ ಏನು ಹಾಕಬೇಕು, ಏನು ಬಿಡಬೇಕು?

ತಾಯಂದಿರು ಮೊದಲು ತುಂಬುವುದು ತುಪ್ಪ, ಪೇಢೆ, ಖೋವಾ. ಅವನ್ನೇ ಬಿಡಬೇಕು. ಹೊರದೇಶದಿಂದ ಬರುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವುದನ್ನು ಯುರೋಪಿಯನ್ ಯೂನಿಯನ್ ಬಿಡುವುದಿಲ್ಲ. ಹಸಿ ಕರಿಬೇವು, ಮಾವಿನಹಣ್ಣು ಕೂಡ ಸುಮ್ನೆ ತರುವಂತಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಖಾರಪುಡಿ, ತೊಗರಿ ಬೇಳೆ ಧಾರಾಳ ಹಾಕಿ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ, ಅಂದರೆ ಈ ನೆಲದ ವಿಶೇಷ ಬೆಳೆ ಅನ್ನುವ ಮಾನ್ಯತೆ ಸಿಕ್ಕಿದೆ. ಅಲ್ಲಿನ ಇಂಡಿಯನ್ ಅಂಗಡಿಯ ಬೇಳೆ ಬೇಯುತ್ತದೆ, ಆದರೆ ಆ ಘಮ ಇಲ್ಲ.

ಮಿಕ್ಸಿ ತರಬಹುದು, ಕರೆಂಟು ಅಲ್ಲಿಯೂ 230 ವೋಲ್ಟ್. ಆದರೆ ನಮ್ಮ ಮೂರು ಪಿನ್ ಅಲ್ಲಿನ ಗೋಡೆಗೆ ಕೂಡುವುದಿಲ್ಲ, ಅಡಾಪ್ಟರ್ ಬೇಕು. ರೊಟ್ಟಿ ಹಂಚು ತಳ ಸಪಾಟಾಗಿರಲಿ. ಅಲ್ಲಿನ ಒಲೆ ಗಾಜಿನ ಹಲಗೆಯಂತೆ ಇರುತ್ತದೆ, ಕುಳಿ ಇರುವ ಹಂಚು ನಡುವೆ ಮಾತ್ರ ಕಾದು ರೊಟ್ಟಿಯ ಅಂಚು ಹಸಿ ಉಳಿಯುತ್ತದೆ.

ಹೊರಡೂಕಿಂತ ಮೊದಲು ಮರೀದೆ ಮಾಡಬೇಕಾದ್ದು ಏನರ ಅದನ್ರಿ?

ಇದೆ, ಮತ್ತು ಯಾರೂ ಹೇಳುವುದಿಲ್ಲ. ನಿಮ್ಮ ಇಲ್ಲಿನ ಮೊಬೈಲ್ ನಂಬರ್ ಜೀವಂತ ಇರಲಿ. ಬ್ಯಾಂಕ್, ಆಧಾರ್, ಇನ್‌ಕಮ್ ಟ್ಯಾಕ್ಸ್, ಎಲ್ಲದರ ಒಟಿಪಿ ಅದಕ್ಕೇ ಬರುತ್ತದೆ. ಹೊರಡುವ ಮುಂಚೆ ರೋಮಿಂಗ್ ಚಾಲೂ ಮಾಡಿಸಿ, ರೀಚಾರ್ಜ್ ಜವಾಬ್ದಾರಿ ಮನೆಯಲ್ಲಿ ಒಬ್ಬರಿಗೆ ಒಪ್ಪಿಸಿ. ನನ್ನ ನಂಬರ್ ಮೊದಲ ವರ್ಷವೇ ಬಂದ್ ಆಗಿ ಬೇರೆಯವರ ಪಾಲಾಯಿತು. ಅಪ್ಪನ ಆಸ್ಪತ್ರೆ ಬಿಲ್ ಕಟ್ಟಬೇಕಾದ ದಿನ ನನ್ನ ಖಾತೆಯಲ್ಲಿ ದುಡ್ಡಿತ್ತು, ಒಟಿಪಿ ಇರಲಿಲ್ಲ. ಅಣ್ಣ ಪಕ್ಕದ ಮನೆಯಲ್ಲಿ ಕೈಗಡ ತಂದು ಕಟ್ಟಿದ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

## ಮೊದಲ ಮೂರು ತಿಂಗಳು

ಹೋದ ಕೂಡಲೇ ಏನು ಮಾಡಬೇಕ್ರಿ?

ಮನೆ ಸೇರಿದ ಎರಡು ವಾರದೊಳಗೆ ಅಲ್ಲಿನ ಊರಿನ ಕಚೇರಿಯಲ್ಲಿ ವಿಳಾಸ ನೋಂದಣಿ ಮಾಡಿಸಬೇಕು. ಅದಕ್ಕೆ ಅನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಮಾಲೀಕರು ಸಹಿ ಮಾಡಿದ ಕಾಗದ ಬೇಕೇ ಬೇಕು. ಉಳಿದದ್ದೆಲ್ಲ ಇದರ ಬೆನ್ನಿಗೆ ಬರುತ್ತದೆ: ಟ್ಯಾಕ್ಸ್ ನಂಬರ್, ಬ್ಯಾಂಕ್ ಖಾತೆ, ಅಲ್ಲಿ ವಾಸದ ಪರವಾನಗಿ.

ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಹೆಸರು ಕಾಣದಿದ್ದರೆ ಅಂಚೆಯವರು ಕಾಗದ ಹಾಕುವುದಿಲ್ಲ, ವಾಪಸ್ ಒಯ್ಯುತ್ತಾರೆ. ನಮ್ಮೂರಲ್ಲಿ ಅಂಚೆ ಅಣ್ಣನಿಗೆ ಎಲ್ಲರ ಮನೆ ಗೊತ್ತು. ಅಲ್ಲಿ ಹೆಸರೇ ಮನೆ. ಸರ್ಕಾರ, ಬ್ಯಾಂಕ್, ಇನ್ಶೂರೆನ್ಸ್, ಎಲ್ಲರೂ ಇವತ್ತಿಗೂ ಕಾಗದದಲ್ಲೇ ಮಾತಾಡುತ್ತಾರೆ. ಬಂದ ಪ್ರತಿ ಕಾಗದವನ್ನೂ ಒಂದು ಫೈಲಿನಲ್ಲಿ ಹಾಕುತ್ತಾ ಹೋಗಿ.

ಮನಿ ಬಾಡಿಗಿ ಎರಡು ನಮೂನಿ ಬರೀತಾರಂತ, ಏನದು?

ಕಾಲ್ಟ್‌ಮೀಟ ಅಂದರೆ ಬರೀ ಮನೆಯ ಬಾಡಿಗೆ. ವಾರ್ಮ್‌ಮೀಟ ಅಂದರೆ ಅದಕ್ಕೆ ಹೀಟರ್, ನೀರು, ಕಸದ ಖರ್ಚು ಕೂಡಿಸಿದ್ದು. ಕರೆಂಟು ಹೆಚ್ಚಾಗಿ ಬೇರೆ. ಡಿಪಾಸಿಟ್ ಮೂರು ತಿಂಗಳ ಕಾಲ್ಟ್‌ಮೀಟಗಿಂತ ಜಾಸ್ತಿ ಕೇಳುವಂತಿಲ್ಲ, ಅದು ಕಾನೂನು. ಅಡುಗೆ ಮನೆಗೆ ಒಲೆ, ಸಿಂಕ್ ಇಲ್ಲದೆ ಬರೀ ನಾಲ್ಕು ಗೋಡೆ ಕೊಡುವ ಮನೆಗಳೂ ಇವೆ, ಕೇಳಿಕೊಂಡು ಒಪ್ಪಿ. ಮನೆ ನೋಡದೆ, ಕೀಲಿ ಕೈಗೆ ಬರದೆ ದುಡ್ಡು ಕಳಿಸಬೇಡಿ. ಮಾಲೀಕ ಊರಲ್ಲಿಲ್ಲ, ಕೀಲಿ ಕೊರಿಯರ್ ಮಾಡುತ್ತೇನೆ ಅಂದರೆ ಅದು ಮೋಸ.

ಇದರ ಮೇಲೆ ಪ್ರತಿ ಮನೆಗೂ ರೇಡಿಯೋ-ಟಿವಿ ಶುಲ್ಕ ಅಂತ ತಿಂಗಳಿಗೆ 18.36 ಯೂರೋ ಇದೆ. ಮನೆಯಲ್ಲಿ ಟಿವಿ ಇಲ್ಲದಿದ್ದರೂ ಕಟ್ಟಬೇಕು. ನಮ್ಮ ಹುಡುಗರು ಆ ಕಾಗದವನ್ನು ಮೋಸ ಅಂತ ಹರಿದು ಹಾಕುತ್ತಾರೆ, ಆಮೇಲೆ ದಂಡದ ಜೊತೆ ಕಟ್ಟುತ್ತಾರೆ.

ಪಗಾರ ದೊಡ್ಡದು ಹೇಳ್ತಾರ, ಕೈಗಿ ಎಷ್ಟು ಬರ್ತದ?

ಮದುವೆ ಆಗದ ಒಬ್ಬರಿಗೆ ಹೇಳಿದ ಪಗಾರದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಕಡಿತ ಆಗುತ್ತದೆ. ಟ್ಯಾಕ್ಸ್, ಆರೋಗ್ಯ ವಿಮೆ, ಪೆನ್ಶನ್, ನಿರುದ್ಯೋಗ ವಿಮೆ ಎಲ್ಲ ಸೇರಿ. ವರ್ಷಕ್ಕೆ 50,000 ಯೂರೋ ಅಂದರೆ ಕೈಗೆ ತಿಂಗಳಿಗೆ ಸುಮಾರು 2,600. ರೂಪಾಯಿಗೆ ಗುಣಿಸಿ ಊರಲ್ಲಿ ಹೇಳುವ ಮುಂಚೆ ಬಾಡಿಗೆಯನ್ನೂ ರೂಪಾಯಿಯಲ್ಲೇ ಕಳೆದು ಹೇಳಿ. ಇಲ್ಲದಿದ್ದರೆ ಮನೆಯವರ ಆಸೆ ಒಂದು ಕಡೆ, ನಿಮ್ಮ ಜೇಬು ಒಂದು ಕಡೆ ಆಗುತ್ತದೆ.

ಜಡ್ಡು ಬಂದ್ರ ಸೀದಾ ದೊಡ್ಡ ದವಾಖಾನಿಗಿ ಹೋಗಬಹುದೇನು?

ಜೀವಕ್ಕೆ ಅಪಾಯ ಇದ್ದರೆ 112ಕ್ಕೆ ಫೋನ್ ಮಾಡಿ. ಇಲ್ಲದಿದ್ದರೆ ಮೊದಲು ನಿಮ್ಮ ಹೌಸ್‌ಆರ್ಟ್ಸ್ಟ್, ಅಂದರೆ ಮನೆ ಹತ್ತಿರದ ಡಾಕ್ಟರ್. ರಾತ್ರಿ, ರಜೆ ದಿನ ಆದರೆ 116117. ಹುಷಾರಿದ್ದಾಗಲೇ ಒಬ್ಬ ಡಾಕ್ಟರನ್ನು ಗೊತ್ತು ಮಾಡಿಕೊಳ್ಳಿ. ಆಂಟಿಬಯೋಟಿಕ್ ಚೀಟಿ ಇಲ್ಲದೆ ಸಿಗುವುದಿಲ್ಲ. ನೆಗಡಿ-ಜ್ವರಕ್ಕೆ ಚಹಾ ಕುಡಿದು ಮಲಗಿ ಅಂತ ಡಾಕ್ಟರ್ ಕಳಿಸಿದರೆ ಸಿಟ್ಟಾಗಬೇಡಿ, ಅಲ್ಲಿ ರೂಢಿಯೇ ಹಾಗೆ.

## ಮನೆ, ಮಂದಿ, ಚಳಿ

ಜ್ವಾಳದ ರೊಟ್ಟಿ ಮಾಡೂದು ಸಾಧ್ಯ ಅದ ಏನ್ರಿ?

ಇದೆ. ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಹಳೆಯ ಹಿಟ್ಟಾಗಿರುವುದರಿಂದ ಜಿಗುಟು ಇರುವುದಿಲ್ಲ, ಬಡಿಯುವಾಗ ಬಿರಿಯುತ್ತದೆ. ಎಸರು ಚೆನ್ನಾಗಿ ಕುದಿಸಿ ಹಿಟ್ಟು ಹಾಕಿ, ಬಿಸಿ ಇರುವಾಗಲೇ ನಾದಿ. ರಾತ್ರಿ ಹತ್ತರ ಮೇಲೆ ಬಡಿಯಬೇಡಿ, ಕೆಳಗಿನ ಮನೆಯವರಿಗೆ ನಿದ್ದೆ ಕೆಡುತ್ತದೆ. ಹತ್ತರಿಂದ ಬೆಳಗಿನ ಆರರವರೆಗೆ ಸದ್ದು ಮಾಡಬಾರದು ಅಂತ ಅಲ್ಲಿನ ಕಟ್ಟುಪಾಡು. ಭಾನುವಾರ ಇಡೀ ದಿನ ಹಾಗೇ. ಭಾನುವಾರ ಅಂಗಡಿಗಳೂ ಬಂದ್, ಶನಿವಾರವೇ ಹಾಲು-ತರಕಾರಿ ತಂದಿಡಿ.

ಒಗ್ಗರಣೆ ಹಾಕುವಾಗ ಕಿಟಕಿ ತೆಗೆಯಿರಿ. ನಾನು ಮೊದಲ ಚಳಿಗಾಲ ಹೆದರಿ ಕಿಟಕಿ ತೆಗೆಯಲೇ ಇಲ್ಲ. ದಿನಾ ಬೇಳೆ, ಅನ್ನ, ಒಳಗೇ ಬಟ್ಟೆ ಒಣಗಿಸುವುದು. ಫೆಬ್ರವರಿಗೆ ಮಂಚದ ಹಿಂದಿನ ಗೋಡೆ ಪೂರ್ತಿ ಕಪ್ಪು ಬೂಷ್ಟು. ಮನೆ ಬಿಡುವಾಗ ಡಿಪಾಸಿಟ್‌ನಲ್ಲಿ 600 ಯೂರೋ ಹೋಯಿತು. ಎಷ್ಟೇ ಚಳಿ ಇರಲಿ, ದಿನಕ್ಕೆ ಎರಡು ಮೂರು ಸಲ ಎಲ್ಲ ಕಿಟಕಿ ಪೂರ್ತಿ ತೆಗೆದು ಐದು ನಿಮಿಷ ಬಿಡಬೇಕು.

ಅಲ್ಲಿ ಮಂದಿ ಮಾತಾಡಂಗಿಲ್ಲಂತ, ಖರೇನು?

ತಾವಾಗಿ ಬಂದು ಮಾತಾಡಿಸುವುದು ಕಡಿಮೆ. ಆದರೆ ಒಮ್ಮೆ ಬಳಕೆ ಆದರೆ ಗಟ್ಟಿ ಮಂದಿ. ಸ್ಟುಟ್‌ಗಾರ್ಟ್ ಕಡೆ ಕೇರ್‌ವೊಖ ಅಂತ ಪದ್ಧತಿ ಇದೆ. ಒಂದು ವಾರ ನಿಮ್ಮ ಮನೆಯವರು, ಮುಂದಿನ ವಾರ ಪಕ್ಕದವರು ಮೆಟ್ಟಿಲು, ಮನೆ ಮುಂದಿನ ದಾರಿ ಗುಡಿಸಬೇಕು. ನಮ್ಮ ಹುಡುಗರಿಗೆ ಇದು ಕಿರಿಕಿರಿ. ನನಗೆ ಮಾತ್ರ ಅಂಗಳ ಗುಡಿಸಿ ನೀರು ಹೊಡೆದ ಅಭ್ಯಾಸ. ನಾನು ಗುಡಿಸುವುದನ್ನು ನೋಡಿ ಕೆಳಗಿನ ಮನೆಯ ಅಜ್ಜಿ ಮೊದಲ ಸಲ ನಿಂತು ಮಾತಾಡಿಸಿದರು. ನನಗೆ ಜರ್ಮನ್ ಕಲಿಸಿದವರು ಅವರೇ.

ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ ಅಂತ ಭಾಷೆ ಬಿಡಬೇಡಿ. ಹೆರಿಗೆ ವಾರ್ಡಿನಲ್ಲಿ, ಶಾಲೆಯ ಮೀಟಿಂಗಿನಲ್ಲಿ, ಜಗಳದಲ್ಲಿ ಇಂಗ್ಲಿಷ್ ಕೆಲಸಕ್ಕೆ ಬರುವುದಿಲ್ಲ. ಭಾಷೆ ಬರದೆ ಹತ್ತು ವರ್ಷ ಇದ್ದವರನ್ನೂ ನೋಡಿದ್ದೇನೆ. ಇನ್ನೂ ಬ್ಯಾಗ್ ಬಿಚ್ಚದವರ ಹಾಗೆ ಇರುತ್ತಾರೆ.

ನಮ್ಮ ಬಿಸಲಾಗ ಬೆಳದವರಿಗಿ ಆ ಥಂಡಿ ತಡೀತದೇನ್ರಿ?

ಥಂಡಿ ತಡೆಯುತ್ತದೆ, ಕೋಟು ಇದೆ. ಕಷ್ಟ ಕೊಡುವುದು ಕತ್ತಲು. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟರ ಮೇಲೆ ಬೆಳಕು, ಸಂಜೆ ನಾಲ್ಕೂವರೆಗೆ ಕತ್ತಲು. ಅದೇ ಹೊತ್ತಿಗೆ ಊರಲ್ಲಿ ಎಳ್ಳ ಅಮಾವಾಸ್ಯೆ. ಎಲ್ಲರೂ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಉಣ್ಣುತ್ತಾ ಫೋಟೋ ಕಳಿಸುತ್ತಾರೆ. ನಾವು ಕತ್ತಲಲ್ಲಿ ಬಸ್ಸಿಗೆ ಕಾಯುತ್ತಿರುತ್ತೇವೆ. ಮೊದಲ ವರ್ಷ ನಾನು ಆ ಫೋಟೋ ನೋಡಿ ಬಸ್ ಸ್ಟಾಪಿನಲ್ಲೇ ಅತ್ತೆ. ಈಗ ನಾವು ಐದಾರು ಮನೆಯವರು ಸೇರಿ ಅದೇ ಭಜ್ಜಿ ಮಾಡಿ ಪಾರ್ಕಿನಲ್ಲಿ ಕೂತು ಉಣ್ಣುತ್ತೇವೆ, ಚಳಿ ಇದ್ದರೂ. ಮಧ್ಯಾಹ್ನ ಬೆಳಕಿದ್ದಾಗ ಅರ್ಧ ಗಂಟೆ ಹೊರಗೆ ನಡೆಯಿರಿ. ವಾರಗಟ್ಟಲೆ ನಿದ್ದೆ, ಊಟ ಬೇಡವಾದರೆ ಡಾಕ್ಟರಿಗೆ ಹೇಳಿ. ಮನಸ್ಸಿನ ಜಡ್ಡೂ ಜಡ್ಡೇ.

ರೋಜಾ ಹಿಡಿಯಾಕ ಅಲ್ಲಿ ದಿನ ಭಾಳ ಉದ್ದ ಅಂತಾರಲ್ಲಾ ಬಾಜಿ?

ಜೂನಿನಲ್ಲಿ ರಂಜಾನ್ ಬಂದರೆ 18 ಗಂಟೆ ಮೇಲಾಗುತ್ತದೆ. ಈಗ ಕೆಲವು ವರ್ಷ ಚಿಂತೆ ಇಲ್ಲ. ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತಾ ಚಳಿಗಾಲದ ಸಣ್ಣ ದಿನಗಳಿಗೆ ಬಂದಿದೆ. ಹಲಾಲ್ ಮಾಂಸ ಟರ್ಕಿಯವರ ಅಂಗಡಿಯಲ್ಲಿ ಎಲ್ಲ ಪಟ್ಟಣದಲ್ಲೂ ಸಿಗುತ್ತದೆ.

## ಊರಿನ ಜೊತೆಗಿನ ಲೆಕ್ಕ

ಅವ್ವ-ಅಪ್ಪಗ ಎಷ್ಟು ದಿನ ಕರಕೊಂಡು ಹೋಗಬಹುದು?

ಶೆಂಗೆನ್ ವೀಸಾದಲ್ಲಿ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ವೀಸಾ) ಯಾವುದೇ 180 ದಿನದಲ್ಲಿ 90 ದಿನ. ಕಡಿಮೆ ಅಂದರೆ 30,000 ಯೂರೋದ ಪ್ರಯಾಣ ವಿಮೆ ಬೇಕು. ಏಪ್ರಿಲ್ ಕೊನೆಗೆ ಕರೆಸಿ. ನಮ್ಮ 43 ಡಿಗ್ರಿ ಬಿಸಿಲು ತಪ್ಪುತ್ತದೆ, ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಬಿಪಿ, ಶುಗರ್ ಮಾತ್ರೆಗಳನ್ನು ಮೂರು ತಿಂಗಳಿಗೆ ಎಣಿಸಿ, ಡಾಕ್ಟರ್ ಚೀಟಿ ಸಮೇತ ತರಲಿ. ಮೊದಲ ಸಲವೇ ಮೂರು ತಿಂಗಳು ಇಡಬೇಡಿ ಅಂತ ನನ್ನ ಮಾತು. ಕಟ್ಟೆಗೆ ಕೂತು ಮಾತಾಡುವ ಮಂದಿ ಇಲ್ಲದೆ ನಮ್ಮವ್ವ ಐದನೇ ವಾರಕ್ಕೆ ಮೌನವಾದಳು.

ಊರಿನ ಬ್ಯಾಂಕ್ ಖಾತೆ ಹಂಗೇ ಇದ್ರ ನಡೀತದಲ್ಲ?

ನಡೆಯುವುದಿಲ್ಲ. ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು. ಇಲ್ಲಿ ಬರುವ ಬಾಡಿಗೆ, ಲಾವಣಿ ದುಡ್ಡು ಅದಕ್ಕೆ. ಅಲ್ಲಿಂದ ಕಳಿಸುವ ದುಡ್ಡಿಗೆ ಎನ್‌ಆರ್‌ಇ ಖಾತೆ. ಅದರ ಬಡ್ಡಿಗೆ ಭಾರತದಲ್ಲಿ ಟ್ಯಾಕ್ಸ್ ಇಲ್ಲ, ಬೇಕಾದಾಗ ವಾಪಸ್ ಒಯ್ಯಬಹುದು. ಆದರೆ ಜರ್ಮನಿಯಲ್ಲಿ ನೆಲೆಸಿದವರು ಭಾರತದ ಬಡ್ಡಿಯನ್ನೂ ಅಲ್ಲಿನ ಟ್ಯಾಕ್ಸ್ ಲೆಕ್ಕದಲ್ಲಿ ತೋರಿಸಬೇಕು. ಇದನ್ನು ನಮ್ಮವರಲ್ಲಿ ಬಹಳ ಮಂದಿ ಮರೆಯುತ್ತಾರೆ.

ಅಪ್ಪನ ಹೊಲದಾಗ ನನ್ನ ಪಾಲು ಇರ್ತದೋ ಹೋಗ್ತದೋ?

ಇರುತ್ತದೆ. ಎನ್‌ಆರ್‌ಐ ಆದವರು ಸಾಗುವಳಿ ಭೂಮಿ ಕೊಳ್ಳುವಂತಿಲ್ಲ, ದಾನಪತ್ರದಲ್ಲೂ ಪಡೆಯುವಂತಿಲ್ಲ. ಆದರೆ ತಂದೆ-ತಾಯಿಯಿಂದ ವಾರಸುದಾರಿಕೆಯಲ್ಲಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಹಾಗಾಗಿ ಮನೆಯಲ್ಲಿ ಪಾಲು ಮಾಡುವ ಮಾತಿದ್ದರೆ ನೀವು ಹೊರಡುವ ಮುಂಚೆಯೇ ಕೂತು ಮಾತಾಡಿ. ಪಹಣಿ ತೆಗೆಸಿ ನೋಡಿ, ಅಜ್ಜನ ಹೆಸರಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿ.

ಆಮೇಲೆ ಸಹಿ ಬೇಕಾದರೆ ಮುಖ್ತಿಯಾರ್ ಪತ್ರ ಬರೆದು ಭಾರತದ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಬೇಕು. ಸ್ಟುಟ್‌ಗಾರ್ಟ್ ಕಡೆಯವರಿಗೆ ಅದು ಮ್ಯೂನಿಕ್. ಬರೆಯುವಾಗ ಯಾವ ಸರ್ವೆ ನಂಬರ್, ಯಾವ ಕೆಲಸ ಅಂತ ಬಿಡಿಸಿ ಬರೆಯಿರಿ. ಎಲ್ಲಕ್ಕೂ ಒಪ್ಪಿಗೆ ಕೊಡುವ ಪತ್ರ ಯಾರಿಗೂ ಬೇಡ, ಒಡಹುಟ್ಟಿದವರಿಗೂ ಬೇಡ. ನಂಬಿಕೆ ಇಲ್ಲ ಅಂತಲ್ಲ, ನಂಬಿಕೆ ಉಳಿಯಲಿ ಅಂತ.

ಮನ್ಯಾಗ ಯಾರರೆ ತೀರಿಕೊಂಡ್ರ ಮುಟ್ಟಲಿಕ್ಕೆ ಆಗ್ತದೇನಕ್ಕ?

ಇದನ್ನು ಎಲ್ಲರೂ ಕೊನೆಗೆ, ಮೆಲ್ಲಗೆ ಕೇಳುತ್ತಾರೆ. ಎಷ್ಟೇ ಓಡಿದರೂ ಒಂದು ದಿನ ಬೇಕು. ವಿಮಾನ ಹಿಡಿದು ಹೈದರಾಬಾದ್, ಅಲ್ಲಿಂದ ಕಾರಿನಲ್ಲಿ ಮತ್ತೆ ನಾಲ್ಕೈದು ತಾಸು. ಅಪ್ಪ ಹೋದಾಗ ನಾನು ಮುಟ್ಟಿದ್ದು 26 ತಾಸಿನ ನಂತರ. ನಮ್ಮಲ್ಲಿ ಮಣ್ಣಿಗೆ ಅಷ್ಟು ಹೊತ್ತು ಇಡುವುದಿಲ್ಲ. ನನಗಾಗಿ ಇಡಬೇಡಿ ಅಂತ ನಾನೇ ಫೋನಿನಲ್ಲಿ ಹೇಳಿದೆ.

ನಿಮ್ಮ ಕೈಯಲ್ಲಿ ಇರುವುದು ಕೆಲವೇ. ಪಾಸ್‌ಪೋರ್ಟ್, ವಾಸದ ಪರವಾನಗಿ ಎರಡರ ಅವಧಿಯೂ ಸದಾ ಬಾಕಿ ಇರಲಿ. ಪರವಾನಗಿ ಮುಗಿಯುವ ತಿಂಗಳುಗಳ ಮುಂಚೆಯೇ ಮುಂದುವರಿಸಲು ಅರ್ಜಿ ಹಾಕಿ. ಅದು ಇಲ್ಲದೆ ಹೊರಟರೆ ವಾಪಸ್ ಬರಲು ವೀಸಾ ಹೊಸದಾಗಿ ಕೇಳಬೇಕಾಗುತ್ತದೆ. ಒಂದು ಟಿಕೆಟ್ಟಿನಷ್ಟು ದುಡ್ಡನ್ನು ಮುಟ್ಟದೆ ಬೇರೆ ಇಡಿ. ಮನೆಯವರಿಗೆ ಒಂದು ಮಾತು ಹೇಳಿಟ್ಟು ಹೋಗಿ: ಹುಷಾರಿಲ್ಲ ಅಂದರೆ ಅಂದೇ ಹೇಳಿ, ದೂರ ಇದ್ದಾಳೆ ಅಂತ ಮುಚ್ಚಿಡಬೇಡಿ. ನನಗೆ ಎರಡು ದಿನ ಮುಚ್ಚಿಟ್ಟಿದ್ದರು.

## ಐದು ವರ್ಷ ಕಳೆದ ಮೇಲೆ

ಮಕ್ಕಳಿಗಿ ಕನ್ನಡ ಉಳೀತದೇನ್ರಿ?

ಮನೆಯಲ್ಲಿ ಆಡಿದರೆ ಉಳಿಯುತ್ತದೆ. ನಮ್ಮ ಮಾತೇ ಆಡಿ, ಪುಸ್ತಕದ ಕನ್ನಡ ಅಂತ ಬದಲಾಯಿಸಬೇಡಿ. ಅಜ್ಜಿ ಜೊತೆ ಫೋನಿನಲ್ಲಿ ಜಗಳ ಆಡುವಷ್ಟು ಬಂದರೆ ಸಾಕು. ನಮ್ಮ ಮನೆಯಿಂದ ಟ್ಯೂಬಿಂಗನ್ ಸಮೀಪ. ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದ ಫರ್ಡಿನಾಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಲ್ಲೇ. ಮಗಳನ್ನು ಕರೆದುಕೊಂಡು ಹೋಗಿ ಹೇಳಿದೆ. ಜರ್ಮನಿಯವರೊಬ್ಬರು ಅಷ್ಟು ಕನ್ನಡ ಕಲಿತರಾ ಅಂತ ಅವಳಿಗೆ ನಂಬಲು ಆಗಲಿಲ್ಲ. ಆ ವಾರ ತಾನೇ ಕೂತು ಕಾಗುಣಿತ ಬರೆದಳು.

ಒಂದು ಎಚ್ಚರ: ಶಾಲೆ ನಡೆಯುವಾಗ ಜಾತ್ರೆ, ಮದುವೆ ಅಂತ ಮಕ್ಕಳನ್ನು ಸುಮ್ನೆ ಕರೆದುಕೊಂಡು ಬರುವಂತಿಲ್ಲ. ದಂಡ ಬೀಳುತ್ತದೆ. ಶರಣಬಸವೇಶ್ವರರ ತೇರು ಮಕ್ಕಳಿಗೆ ತೋರಿಸಬೇಕಂದರೆ ಶಾಲೆಗೆ ಮೊದಲೇ ಬರೆದು ಒಪ್ಪಿಗೆ ಕೇಳಬೇಕು, ಕೊಡುವುದು ಕಡಿಮೆ.

ಅಲ್ಲಿನ ಪೌರತ್ವ ತಗೊಂಡ್ರ ಏನು ಹೋಗ್ತದ?

ಬ್ಲೂ ಕಾರ್ಡ್ (ಹೆಚ್ಚು ಓದಿದವರಿಗೆ ಕೊಡುವ ಕೆಲಸದ ಪರವಾನಗಿ) ಇದ್ದವರಿಗೆ ಖಾಯಂ ಪರವಾನಗಿ 27 ತಿಂಗಳಿಗೆ, ಬಿ1 ಭಾಷೆ ಇದ್ದರೆ 21ಕ್ಕೆ ಸಿಗುತ್ತದೆ. ಪೌರತ್ವಕ್ಕೆ 2024ರಿಂದ ಐದು ವರ್ಷ. ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಅಂದರೆ ನಮ್ಮ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಮಾಡಿಸಬೇಕು. ಬಂದು ಹೋಗಲು ತೊಂದರೆ ಇಲ್ಲ, ಆದರೆ ಓಟು ಇಲ್ಲ, ಹೊಲ ಕೊಳ್ಳುವಂತಿಲ್ಲ. ನಾನು ಖಾಯಂ ಪರವಾನಗಿಗೇ ನಿಂತಿದ್ದೇನೆ. ಆ ಪಾಸ್‌ಪೋರ್ಟ್ ಒಪ್ಪಿಸಲು ನನ್ನ ಕೈ ಬರಲಿಲ್ಲ. ಮಕ್ಕಳ ದೃಷ್ಟಿಯಿಂದ ತೆಗೆದುಕೊಂಡವರನ್ನು ನಾನು ತಪ್ಪು ಅನ್ನುವುದಿಲ್ಲ.

ವಾಪಸ್ ಬಂದ್ರ ಅಲ್ಲಿ ಕಟ್ಟಿದ ಪೆನ್ಶನ್ ರೊಕ್ಕ ಮುಳುಗ್ತದೇನು?

ಮುಳುಗುವುದಿಲ್ಲ. ಭಾರತ-ಜರ್ಮನಿ ನಡುವೆ ಇದಕ್ಕೆ 2017ರ ಮೇ ತಿಂಗಳಿಂದ ಒಪ್ಪಂದ ಜಾರಿಯಲ್ಲಿದೆ. 60 ತಿಂಗಳು ಕಟ್ಟಿದ್ದರೆ ವಯಸ್ಸಾದ ಮೇಲೆ ಪೆನ್ಶನ್ ಕಲಬುರಗಿಯ ಖಾತೆಗೇ ಬರುತ್ತದೆ. ಅದಕ್ಕಿಂತ ಕಡಿಮೆ ಕಟ್ಟಿ ಪೂರ್ತಿ ವಾಪಸ್ ಬಂದಿದ್ದರೆ, ಎರಡು ವರ್ಷ ಕಾದು ನಿಮ್ಮ ಪಾಲಿನ ದುಡ್ಡು ಹಿಂದಕ್ಕೆ ಕೇಳಬಹುದು. ಎರಡಕ್ಕೂ ಪೆನ್ಶನ್ ನಂಬರ್ ಇರುವ ಕಾಗದಗಳು ಬೇಕು. ಅಲ್ಲಿನ ಮನೆ ಖಾಲಿ ಮಾಡುವಾಗ ಬೇರೆ ಏನು ಬಿಟ್ಟರೂ ಆ ಫೈಲನ್ನು ಕೈಬ್ಯಾಗಿನಲ್ಲಿ ಇಟ್ಟುಕೊಳ್ಳಿ.